ಅಲಾಸ್ಕಾ ಹಡಗು: ಹತ್ತುವ ಮುಂಚೆ, ಹತ್ತಿದ ಮೇಲೆ

ಸಿಯಾಟಲ್‌ನಿಂದ ಹೊರಟು, ಅಲಾಸ್ಕಾ ಸುತ್ತಿ, ಮತ್ತೆ ಸಿಯಾಟಲ್‌ಗೇ ಬಂದು ನಿಲ್ಲುವ ಕ್ರೂಸ್ ಹಡಗಿಗೆ ನಮ್ಮಂಥ ಭಾರತೀಯ ಪಾಸ್‌ಪೋರ್ಟಿನವರು ಕೆನಡಾ ವೀಸಾ ಮಾಡಿಸಿಕೊಂಡಿರಬೇಕು. ಬೇರೆ ಏನನ್ನು ಓದದಿದ್ದರೂ ಇದೊಂದನ್ನು ಓದಿಕೊಳ್ಳಿ ಅಂತ ಮೊದಲಿಗೇ ಬರೆದೆ. ಅಮೆರಿಕದ ಒಂದು ಊರಿಂದ ಅಮೆರಿಕದ್ದೇ ಇನ್ನೊಂದು ಊರಿಗೆ ಹೋಗೋಕೆ ಕೆನಡಾದವರ ಅಪ್ಪಣೆ ಯಾಕೆ ಬೇಕು ಅಂತ ನಮ್ಮ ಯಜಮಾನರು ಎಷ್ಟೋ ದಿನ ಗೊಣಗಿದರು. ಮಗ ವಿವರಿಸಿದ ಮೇಲೆ ಅರ್ಥವಾಯಿತು. 1886ರ ಅಮೆರಿಕನ್ ಕಾನೂನೊಂದಿದೆ. ಅದರ ಪ್ರಕಾರ ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಬಂದರುಗಳ ನಡುವೆ ಮಾತ್ರ ಪ್ರಯಾಣಿಕರನ್ನು ಓಡಾಡಿಸುವಂತಿಲ್ಲ, ನಡುವೆ ಒಂದು ಪರದೇಶದ ಬಂದರು ಮುಟ್ಟಲೇಬೇಕು. ದೊಡ್ಡ ಕ್ರೂಸ್ ಹಡಗುಗಳೋ, ಬಹಾಮಾಸ್, ಪನಾಮಾ, ಬರ್ಮುಡಾ ಅಂತ ಬಾವುಟ ಹಾರಿಸಿಕೊಂಡೇ ಓಡಾಡುವಂಥವು. ಹಾಗಾಗಿ ವಾಪಸು ಬರುವ ದಾರಿಯಲ್ಲಿ ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಾಲ್ಕು ತಾಸು ನಿಂತು ಶಾಸ್ತ್ರ ಮುಗಿಸುತ್ತವೆ.

ನಾವು ಅಲ್ಲಿ ಇಳಿಯೋದೇ ಇಲ್ಲ, ಕೋಣೆಯಲ್ಲೇ ಮಲಗಿರುತ್ತೇವೆ ಅಂದರೂ ನಡೆಯುವುದಿಲ್ಲ. ಹಡಗು ಹತ್ತುವ ಕೌಂಟರಿನಲ್ಲೇ ವೀಸಾ ಕೇಳುತ್ತಾರೆ, ಇಲ್ಲದಿದ್ದರೆ ಅಲ್ಲಿಂದಲೇ ಮನೆಗೆ. ದುಡ್ಡೂ ಹಿಂದಕ್ಕೆ ಬರುವುದಿಲ್ಲ. ಗ್ರೀನ್ ಕಾರ್ಡ್ ಇರುವವರಿಗೆ ಈ ರಗಳೆ ಇಲ್ಲ. ಎಚ್1ಬಿ ಮೇಲಿರುವ ನನ್ನ ಮಗ-ಸೊಸೆಗೆ ಬೇಕಿತ್ತು, ಪ್ರವಾಸಿ ವೀಸಾದ ಮೇಲೆ ಹೋದ ನಮಗೆ ಬೇಕಿತ್ತು, ಅಲ್ಲೇ ಹುಟ್ಟಿದ ಮೊಮ್ಮಗಳಿಗೆ ಮಾತ್ರ ಬೇಡ. ಒಬ್ಬೊಬ್ಬರಿಗೆ ಕೆನಡಾದ 100 ಡಾಲರ್ ಶುಲ್ಕ, ಬೆರಳಚ್ಚಿಗೆ ಇನ್ನೊಂದು 85. ಊರಿಂದ ವಿಮಾನ ಹತ್ತುವ ಮೊದಲೇ ಬೆಂಗಳೂರಿನಲ್ಲಿ ಬೆರಳಚ್ಚು ಕೊಟ್ಟು ಮುಗಿಸಿದ್ದು ಒಳ್ಳೆಯದಾಯಿತು. ವೀಸಾ ಅಂಟಿಸಲು ಪಾಸ್‌ಪೋರ್ಟನ್ನೇ ಕಳಿಸಬೇಕಾಗುತ್ತದೆ. ಪರದೇಶದಲ್ಲಿ ಕೂತು ಕೈಯಲ್ಲಿ ಪಾಸ್‌ಪೋರ್ಟ್ ಇಲ್ಲದೆ ದಿನ ಎಣಿಸುವುದು ನಮ್ಮ ವಯಸ್ಸಿನವರಿಗೆ ಆಗುವ ಮಾತಲ್ಲ.

ನಾನು ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಆಯುಷ್ಯ ಕಳೆದವಳು. ಜನ ಬೇಕಾದ್ದನ್ನು ಯಾವಾಗ ಕೇಳುತ್ತಾರೆ, ಯಾವಾಗ ಕೇಳುವುದಿಲ್ಲ ಅನ್ನುವುದೇ ನನ್ನ ಕಣ್ಣಿಗೆ ಮೊದಲು ಬೀಳುವುದು. ಹಡಗಿನಲ್ಲೂ ಅದೇ ಕಂಡಿದ್ದು. ಹಿಂದಿನ ದಿನ ಕೇಳಿದವರಿಗೆ ಅಲ್ಲಿ ಏನು ಬೇಕಾದರೂ ಸಿಗುತ್ತದೆ. ನಿಂತ ಕಾಲಲ್ಲಿ ಕೇಳಿದವರಿಗೆ ನಗುಮುಖದ ಕ್ಷಮಾಪಣೆ ಮಾತ್ರ ಸಿಗುತ್ತದೆ.

ಕೋಣೆ ಆರಿಸುವುದರಿಂದಲೇ ಇದು ಶುರು. ಕಿಟಕಿಯೇ ಇಲ್ಲದ ಒಳಗಿನ ಕೋಣೆ ಅಗ್ಗ, ಸಮುದ್ರದ ಕಡೆ ಬಾಲ್ಕನಿ ಇರುವುದು ದುಬಾರಿ. ಬೇರೆ ಕಡೆಯ ಕ್ರೂಸ್ ಆಗಿದ್ದರೆ ಒಳಗಿನದೇ ಸಾಕು ಅನ್ನುತ್ತಿದ್ದೆ, ಹೇಗೂ ಮಲಗೋಕೆ ಮಾತ್ರ ತಾನೆ. ಅಲಾಸ್ಕಾಕ್ಕೆ ಮಾತ್ರ ಕೈ ಬಿಗಿ ಮಾಡಬೇಡಿ. ಬೆಳಗ್ಗೆ ಐದಕ್ಕೆ ಎದ್ದು ಶಾಲು ಹೊದ್ದು ಕಾಫಿ ಹಿಡಿದು ಬಾಲ್ಕನಿಯಲ್ಲಿ ಕೂತರೆ ಕಾಡು, ಹಿಮದ ಬೆಟ್ಟ, ಒಮ್ಮೊಮ್ಮೆ ತಿಮಿಂಗಿಲದ ಉಸಿರಿನ ಕಾರಂಜಿ, ಎಲ್ಲ ತಾವಾಗಿಯೇ ಎದುರಿಗೆ ಬರುತ್ತವೆ. ಇನ್ನು, ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಓಲಾಟ ಕಡಿಮೆ. ನಕ್ಷೆ ನೋಡುವಾಗ ನಿಮ್ಮ ಕೋಣೆಯ ಮೇಲೇನಿದೆ, ಕೆಳಗೇನಿದೆ ಅಂತಲೂ ನೋಡಿ. ಈಜುಕೊಳದ ಕೆಳಗಿನ ಕೋಣೆಯವರಿಗೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ನಾಟಕಶಾಲೆಯ ಮೇಲಿನ ಕೋಣೆಯವರಿಗೆ ರಾತ್ರಿ ಹನ್ನೊಂದರವರೆಗೆ ಡ್ರಮ್ಮು. ಮೇಲೂ ಕೆಳಗೂ ಕೋಣೆಗಳೇ ಇದ್ದರೆ ನಿದ್ದೆ ಬರುತ್ತದೆ.

ಸಾಮಾನು ಕಟ್ಟುವಾಗ ನಮ್ಮ ಮನೆಯಲ್ಲಿ ಸಣ್ಣದೊಂದು ಮಹಾಭಾರತವೇ ನಡೆಯಿತು. "ಅಮ್ಮ, ರೈಸ್ ಕುಕ್ಕರ್ ಆಚೆ ಇಡು. ಸ್ಕ್ಯಾನ್ ಮಾಡಿ ತೆಗೆದಿಟ್ಕೊಳ್ತಾರೆ" ಅಂದ ಮಗ. ಕುಕ್ಕರ್, ಕೆಟಲ್, ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ ಎಲ್ಲಕ್ಕೂ ನಿಷೇಧ. ಕಡ್ಡಿಪೆಟ್ಟಿಗೆ, ಮೇಣದ ಬತ್ತಿ, ಊದುಬತ್ತಿಗೂ ಅಷ್ಟೇ. ನಡುಸಮುದ್ರದಲ್ಲಿ ಬೆಂಕಿ ಹತ್ತಿದರೆ ಓಡಿಹೋಗಲು ಬೀದಿ ಇರುವುದಿಲ್ಲವಲ್ಲ, ಹಡಗಿನವರು ನೀರಿಗಿಂತ ಬೆಂಕಿಗೇ ಹೆಚ್ಚು ಹೆದರುತ್ತಾರೆ. ದಿನಾ ದೇವರಿಗೆ ದೀಪ ಹಚ್ಚದೆ ಕಾಫಿ ಕುಡಿಯದವಳು ನಾನು. ಸೊಸೆ ಬ್ಯಾಟರಿಯ ಪುಟ್ಟ ದೀಪ ತಂದುಕೊಟ್ಟು, "ಅತ್ತೆ, ಇದಕ್ಕೆ ಯಾರೂ ಏನೂ ಅನ್ನಲ್ಲ, ಇಟ್ಕೊಳಿ" ಅಂದಳು. ದೇವರೂ ಏನೂ ಅನ್ನಲಿಲ್ಲ.

ಮನೆಯಲ್ಲಿ ಮಾಡಿದ ಚಪಾತಿ, ಪುಳಿಯೋಗರೆಯನ್ನೂ ಸಾಮಾನ್ಯವಾಗಿ ಬಿಡುವುದಿಲ್ಲ. ಅಂಗಡಿಯ ಸೀಲ್ ಒಡೆಯದ ಪೊಟ್ಟಣಕ್ಕೆ ತಕರಾರಿಲ್ಲ. ಚಟ್ನಿಪುಡಿ, ಉಪ್ಪಿನಕಾಯಿ, ಬಿಸಿನೀರು ಹೊಯ್ದರೆ ಆಗುವ ಉಪ್ಪಿಟ್ಟಿನ ಕಪ್ಪು ಇವನ್ನು ಒಯ್ದೆವು. ಬಿಸಿನೀರು ಬಫೆಯಲ್ಲಿ ಹಗಲೂ ರಾತ್ರಿ ಸಿಗುತ್ತದೆ. ಔಷಧಿ, ಪಾಸ್‌ಪೋರ್ಟ್, ಒಂದು ಸ್ವೆಟರು, ಮಗುವಿನ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ಅವರ ಕೈಗೆ ಕೊಟ್ಟುಬಿಡಬೇಕು, ಅವು ಕೋಣೆಯ ಬಾಗಿಲಿಗೆ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ. ಮಧ್ಯಾಹ್ನದ ಬಿಪಿ ಮಾತ್ರೆ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡರೆ ಕಾಯುವುದೊಂದೇ ದಾರಿ.

ಹಡಗು ಹೊರಡುವ ಮುಂಚೆ ಸುರಕ್ಷತಾ ಡ್ರಿಲ್ ಆಗಬೇಕು. ಮುಂಚೆ ಎಲ್ಲರನ್ನೂ ಡೆಕ್ ಮೇಲೆ ಸಾಲಾಗಿ ನಿಲ್ಲಿಸಿ ಲೈಫ್ ಜಾಕೆಟ್ ತೊಡಿಸುತ್ತಿದ್ದರಂತೆ. ಈಗ ಬಹಳ ಹಡಗುಗಳಲ್ಲಿ ಫೋನಿನಲ್ಲೋ ಟೀವಿಯಲ್ಲೋ ವಿಡಿಯೋ ನೋಡಿ, ಆಮೇಲೆ ನಿಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿ ಬಂದರೆ ಆಯಿತು. ಏಳು ಸಲ ಗಿಡ್ಡ ಸೀಟಿ, ಕೊನೆಗೊಂದು ಉದ್ದ ಸೀಟಿ ಕೇಳಿದರೆ ಆ ಜಾಗಕ್ಕೆ ಬರಬೇಕು ಅಂತ ಹೇಳಿಕೊಡುತ್ತಾರೆ. ಇದು ತಮಾಷೆಯಲ್ಲ. ಟೈಟಾನಿಕ್ ಮುಳುಗಿದ್ದು 1912ರಲ್ಲಿ, ಸಮುದ್ರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ ಮೊದಲು ಬಂದಿದ್ದು 1914ರಲ್ಲಿ. ಟೈಟಾನಿಕ್ ಮುಳುಗಿ ನೂರು ವರ್ಷ ತುಂಬುವ ಹೊತ್ತಿಗೆ, 2012ರ ಜನವರಿಯಲ್ಲಿ ಇಟಲಿಯ ಜಿಲಿಯೋ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಅನ್ನುವ ಕ್ರೂಸ್ ಹಡಗು ಬಂಡೆಗೆ ತಾಗಿ ಮಗುಚಿ 32 ಜನ ಸತ್ತರು. ಅದೇ ದಿನ ಹತ್ತಿದ್ದ ನೂರಾರು ಜನರಿಗೆ ಡ್ರಿಲ್ ಇನ್ನೂ ಆಗಿರಲೇ ಇಲ್ಲ, ಆಗಿನ ನಿಯಮ ಒಂದು ದಿನದ ಅವಕಾಶ ಕೊಡುತ್ತಿತ್ತು. ಹೊರಡುವ ಮುಂಚೆ, ತಪ್ಪಿದರೆ ಹೊರಟ ಕೂಡಲೇ ಅನ್ನುವ ಕಟ್ಟುನಿಟ್ಟು ಬಂದದ್ದು ಆಮೇಲೆ. ಲಿಫ್ಟ್ ಬಳಸದೆ ಮೆಟ್ಟಿಲಲ್ಲೇ ಆ ಜಾಗಕ್ಕೆ ಒಂದು ಸಲ ಹೋಗಿ ಬನ್ನಿ. ಮಂಡಿನೋವಿನವರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಮನೆಯವರಿಗೂ ತಿಳಿಯುತ್ತದೆ.

ಸಿಯಾಟಲ್‌ನಿಂದ ಹೊರಟ ಹಡಗುಗಳು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್ ಸಾಗರದಲ್ಲಿ ಹೋಗುತ್ತವೆ. ಅಲಾಸ್ಕಾದ ದ್ವೀಪಗಳ ನಡುವಿನ ಕಾಲುವೆಗಳನ್ನು ಸೇರಿದ ಮೇಲೆ ನೀರು ಕನ್ನಡಿಯ ಹಾಗೆ ಆಗುತ್ತದೆ, ಆದರೆ ಮೊದಲ ರಾತ್ರಿ ಮತ್ತು ಮರುದಿನ ತೂಗಾಟ ಇರುವುದೇ. ತಲೆ ತಿರುಗುವ ಮಾತ್ರೆಯನ್ನು ತಲೆ ತಿರುಗುವ ಮುಂಚೆ ತೆಗೆದುಕೊಳ್ಳಬೇಕು, ಆಮೇಲೆ ನುಂಗಿದರೆ ನಿಲ್ಲುವುದೂ ಕಷ್ಟ. ಮೆಕ್ಲಿಝಿನ್ ಅಂತ ಅಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ನಿದ್ದೆ ಬರಿಸುತ್ತದೆ, ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವವರಿಗೆ ಆಗಿಬರುವುದಿಲ್ಲ, ಆದ್ದರಿಂದ ನಿಮ್ಮ ಡಾಕ್ಟರನ್ನು ಊರಲ್ಲೇ ಕೇಳಿಕೊಂಡು ಬನ್ನಿ. ನನಗೆ ಒಣಶುಂಠಿ ಸಾಕಾಯಿತು. ಡೆಕ್ಕಿಗೆ ಹೋಗಿ ದೂರದ ದಿಗಂತ ನೋಡುತ್ತಾ ನಿಲ್ಲುವುದೂ ಕೆಲಸ ಮಾಡುತ್ತದೆ. ಮಲಗಿಕೊಂಡು ಫೋನು ನೋಡುವುದು ಮಾತ್ರ ಬೇಡ.

ಊಟದ ವಿಷಯ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ನಮ್ಮವರು ಹೆಚ್ಚು ಹೆದರುವುದು ಇದಕ್ಕೇ. ಹತ್ತಿದ ದಿನವೇ ದೊಡ್ಡ ಊಟದ ಮನೆಗೆ ಹೋಗಿ ಹೆಡ್ ವೇಟರನ್ನು ನೋಡಿ, ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ, ಮೀನೂ ಇಲ್ಲ ಅಂತ ಬಿಡಿಸಿ ಹೇಳಿ. ಬರೀ 'ವೆಜಿಟೇರಿಯನ್' ಅಂದರೆ ಸಾಲದು. ತರಕಾರಿ ಸೂಪು ಕೋಳಿಯ ಸಾರಿನಲ್ಲಿ ಕುದ್ದಿರಬಹುದು, ಸಿಹಿಯಲ್ಲಿ ಜೆಲಾಟಿನ್ ಇರಬಹುದು, ಥಾಯ್ ಅಡುಗೆಯಲ್ಲಿ ಮೀನಿನ ಸಾಸ್ ಇರಬಹುದು. ನಮ್ಮ ಹಡಗಿನಲ್ಲಿ ಆತ ದಿನಾ ರಾತ್ರಿ ಊಟ ಮುಗಿಯುವ ಹೊತ್ತಿಗೆ ಮೇಜಿನ ಹತ್ತಿರ ಬಂದು ಮರುದಿನದ ಊಟ ಬರೆದುಕೊಂಡು ಹೋಗುತ್ತಿದ್ದ. ಮೆನುವಿನಲ್ಲಿ ಎಲ್ಲೂ ಇಲ್ಲದ ದಾಲ್, ಬೆಂಡೆಕಾಯಿ, ಪನೀರ್ ಮರುದಿನ ಬರುತ್ತಿತ್ತು. ಹಿತ್ತಲ ಬಾಗಿಲಿನಿಂದ ಬರುವ ಉಪಕಾರವೇನೂ ಅಲ್ಲ ಇದು. ಅಡುಗೆಯವರಲ್ಲಿ ಭಾರತೀಯರು ತುಂಬ ಇರುತ್ತಾರೆ, ಒಂದು ರಾತ್ರಿ ಮುಂಚೆ ಹೇಳಿದರೆ ಖುಷಿಯಿಂದಲೇ ಮಾಡುತ್ತಾರೆ. ಪಕ್ಕದ ಮೇಜಿನ ಗುಜರಾತಿ ದಂಪತಿಗೆ ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಜೈನ ಊಟವೂ ಸಿಗುತ್ತಿತ್ತು. ಇನ್ನೊಂದು ಮೇಜಿನವರು ಪ್ರತಿದಿನ ಕೂತ ಮೇಲೆ "ಇಂಡಿಯನ್ ಏನಿದೆ" ಅಂತ ಗದರಿಸಿ, ಬೇಯಿಸಿದ ಆಲೂಗಡ್ಡೆ ತಿಂದು ಏಳುತ್ತಿದ್ದರು.

ಬಫೆಯಲ್ಲಿ ಎರಡು ಮಾತು ನೆನಪಿರಲಿ. ಎರಡನೇ ಸಲ ಬಡಿಸಿಕೊಳ್ಳಲು ಹೋಗುವಾಗ ಎಂಜಲು ತಟ್ಟೆ ಮೇಜಿನ ಮೇಲೇ ಬಿಟ್ಟು ಹೊಸ ತಟ್ಟೆ ತೆಗೆದುಕೊಳ್ಳಬೇಕು. ಮುಸುರೆ ಮಡಿ ಎಲ್ಲ ನೋಡಿ ಬೆಳೆದ ನಮಗೆ ಇದನ್ನು ಇನ್ನೊಬ್ಬರು ಹೇಳಿಕೊಡಬೇಕೆ, ಆದರೂ ನಮ್ಮವರೇ ಎಂಜಲು ತಟ್ಟೆಯನ್ನು ಅನ್ನದ ಪಾತ್ರೆಗೆ ಒತ್ತಿ ಹಿಡಿದದ್ದನ್ನು ಕಂಡೆ. ಎರಡನೆಯದು ಕೈ ತೊಳೆಯುವುದು. ಬಾಗಿಲಲ್ಲಿ ನಿಂತ ಹುಡುಗ ಹಾಡು ಹಾಡುತ್ತಾ ಎಲ್ಲರನ್ನೂ ಬೇಸಿನ್ನಿನ ಕಡೆ ಕಳಿಸುತ್ತಾನೆ. ಹಡಗಿನಲ್ಲಿ ಹಬ್ಬುವ ವಾಂತಿ-ಭೇದಿಗೆ ಕಾರಣವಾದ ನೋರೋವೈರಸ್ ಸ್ಯಾನಿಟೈಸರಿಗೆ ಸುಲಭವಾಗಿ ಸಾಯುವುದಿಲ್ಲ, ಸೋಪು ನೀರೇ ಬೇಕು. ಹೊಟ್ಟೆ ಕೆಟ್ಟರೆ ಮುಚ್ಚಿಡದೆ ಹಡಗಿನ ವೈದ್ಯರಿಗೆ ಹೇಳುವುದು ಮರ್ಯಾದೆ. ಒಂದೆರಡು ದಿನ ಕೋಣೆಯಲ್ಲೇ ಇರಿ ಅನ್ನುತ್ತಾರೆ ಅಂತ ಹೆದರಿ ಸುಮ್ಮನಿರುವವರಿಂದಲೇ ಅದು ಸಾವಿರಾರು ಜನರಿಗೆ ಹರಡುವುದು. ವೈದ್ಯರ ಶುಲ್ಕ ನೇರವಾಗಿ ನಿಮ್ಮ ಕೋಣೆಯ ಲೆಕ್ಕಕ್ಕೆ ಬೀಳುತ್ತದೆ, ಇನ್ಶೂರೆನ್ಸ್‌ನವರ ಹತ್ತಿರ ಆಮೇಲೆ ನೀವೇ ಕೇಳಿ ಪಡೆಯಬೇಕು. ಅಪ್ಪ-ಅಮ್ಮನಿಗೆ ಮಾಡಿಸುವ ಪಾಲಿಸಿಯಲ್ಲಿ ಹಡಗು, ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸುವುದು ಸೇರಿದೆಯೇ ಅಂತ ಮಕ್ಕಳು ಓದಿ ನೋಡಲಿ.

ಕೈಯಲ್ಲಿ ಉಣ್ಣಬಹುದೇ ಅಂತ ನನ್ನ ತಂಗಿ ಫೋನಿನಲ್ಲಿ ಕೇಳಿದ್ದಳು. ಚಪಾತಿ, ನಾನ್ ಕೈಯಲ್ಲೇ ತಿಂದೆವು, ಯಾರೂ ತಿರುಗಿ ನೋಡಲಿಲ್ಲ. ಅನ್ನಕ್ಕೆ ಚಮಚ ಹಿಡಿದೆ. ಅದು ನಾಚಿಕೆಯಿಂದಲ್ಲ, ಬಿಳಿ ಮೇಜುಬಟ್ಟೆ ಇರುವ ಕಡೆ ಕೈ ತೊಳೆಯಲು ದೂರ ಹೋಗಬೇಕು, ಅಷ್ಟೇ. ಬಫೆಯಲ್ಲಾದರೆ ಸಾರನ್ನಕ್ಕೆ ಕೈಯೇ ಸರಿ.

ಒಂದೆರಡು ರಾತ್ರಿ ಫಾರ್ಮಲ್ ನೈಟ್ ಅಂತ ಇರುತ್ತದೆ. ಸೂಟು ಬಾಡಿಗೆಗೆ ತರಬೇಕೇನೋ ಅಂತ ಯಜಮಾನರು ಚಿಂತೆ ಮಾಡಿದ್ದರು. ಬೇಡವೇ ಬೇಡ. ಜುಬ್ಬಾ-ಪಂಚೆ ಉಟ್ಟರು, ನಾನು ಮೈಸೂರು ಸಿಲ್ಕ್ ಉಟ್ಟೆ. ಟೆಕ್ಸಾಸಿನ ಅಜ್ಜಿಯೊಬ್ಬರು ಸೆರಗನ್ನು ಮುಟ್ಟಿ ನೋಡಿ ಇದನ್ನು ಹೇಗೆ ಸುತ್ತುವುದು ಅಂತ ಅರ್ಧ ಗಂಟೆ ಕೇಳಿದರು. ಸೀರೆ ಒಳಗೆ ಮಾತ್ರ. ಡೆಕ್ಕಿನ ಗಾಳಿಗೆ ಸೆರಗೂ ನಿಲ್ಲುವುದಿಲ್ಲ, ನೆರಿಗೆಯೂ ನಿಲ್ಲುವುದಿಲ್ಲ. ಹೊರಗೆ ಉಣ್ಣೆಯ ಒಳ ಉಡುಪು, ಅದರ ಮೇಲೆ ಸ್ವೆಟರು, ಅದರ ಮೇಲೆ ಮಳೆ ತಡೆಯುವ ಜಾಕೆಟ್ಟು. ಜುಲೈಯಲ್ಲೂ ಹಾಗೆಯೇ.

ಮೂರು ಸಾವಿರಕ್ಕೂ ಮೀರಿದ ಜನ ಒಂದೇ ಕಬ್ಬಿಣದ ಕಟ್ಟಡದಲ್ಲಿ ಒಂದು ವಾರ ಇರುವಾಗ ಗಲಾಟೆ ಹುಟ್ಟುವುದು ಸಣ್ಣ ಸಣ್ಣ ವಿಷಯಕ್ಕೆ. ಮುಂಜಾನೆ ಏಳಕ್ಕೇ ಈಜುಕೊಳದ ಪಕ್ಕದ ಒರಗು ಕುರ್ಚಿಗಳ ಮೇಲೆ ಟವೆಲ್ ಹಾಸಿ, ಒಂದು ಪುಸ್ತಕ ಇಟ್ಟು, ತಿಂಡಿಗೆ ಹೋಗಿಬಿಡುವವರು ಇರುತ್ತಾರೆ. ಕಿಟಕಿಯಿಂದ ಟವೆಲ್ ಎಸೆದು ಸರ್ಕಾರಿ ಬಸ್ಸಿನ ಸೀಟು ಹಿಡಿಯುವುದು ನಮ್ಮೂರಿನ ವಿದ್ಯೆ ಅಂದುಕೊಂಡಿದ್ದೆ, ಬಿಳಿಯರು ಅದರಲ್ಲಿ ನಮಗಿಂತ ಪಳಗಿದ್ದಾರೆ. ವ್ಯತ್ಯಾಸ ಏನೆಂದರೆ ಇಲ್ಲಿ ಸ್ವಲ್ಪ ಹೊತ್ತು ಯಾರೂ ಬರದಿದ್ದರೆ ಹಡಗಿನ ಹುಡುಗರು ಟವೆಲ್ ಎತ್ತಿಕೊಂಡು ಹೋಗುತ್ತಾರೆ. ನೀವೇ ಎತ್ತಿ ಜಗಳ ಕಟ್ಟಿಕೊಳ್ಳಬೇಡಿ, ಅವರಿಗೆ ಹೇಳಿ.

ನಮ್ಮವರ ಬಗ್ಗೆ ಬಂದ ದೂರುಗಳನ್ನೂ ಬರೆಯದಿದ್ದರೆ ನ್ಯಾಯವಲ್ಲ. ಮೊದಲನೆಯದು ಗದ್ದಲ. ಸ್ಪೀಕರ್ ಹಾಕಿಕೊಂಡು "ಹಲೋ, ಕೇಳಿಸ್ತಾ ಇದೆಯಾ, ನೋಡು ಇಲ್ಲಿ ಮಂಜು" ಅಂತ ಊಟದ ಮನೆಯ ನಡುವೆ ವಿಡಿಯೋ ಕಾಲ್ ಮಾಡುವುದು. ನಾಲ್ಕು ಸ್ನೇಹಿತರ ಕುಟುಂಬಗಳು ಬಂದಾಗ ಬಾಲ್ಕನಿಯಿಂದ ಬಾಲ್ಕನಿಗೆ ರಾತ್ರಿ ಅಂತ್ಯಾಕ್ಷರಿ ಹಾಡುವುದು. ಬಾಲ್ಕನಿಗಳ ನಡುವೆ ಇರುವುದು ತೆಳು ಹಲಗೆ. ಎರಡನೆಯದು ಬಾಲ್ಕನಿಯ ಕಂಬಿಗೆ ಬಟ್ಟೆ ಒಣಹಾಕುವುದು. ಗಾಳಿಗೆ ಹಾರಿ ಕೆಳಗಿನವರ ಮೇಲೋ ಯಂತ್ರದ ಸಂದಿಗೋ ಬೀಳುತ್ತದೆ, ಅದಕ್ಕೇ ಬಿಡುವುದಿಲ್ಲ. ಸ್ನಾನದ ಮನೆಯಲ್ಲಿ ಎಳೆದು ಕಟ್ಟುವ ಹಗ್ಗ ಸಾಮಾನ್ಯವಾಗಿ ಇರುತ್ತದೆ. ಗೋಡೆಗಳು ಬಹುತೇಕ ಕಬ್ಬಿಣದವಾದ್ದರಿಂದ ನಾಲ್ಕು ಮ್ಯಾಗ್ನೆಟ್ ಕೊಕ್ಕೆ ಒಯ್ದರೆ ಟೋಪಿ, ಚೀಲ, ಒದ್ದೆ ಜಾಕೆಟ್ ತೂಗುಹಾಕಬಹುದು; ಇದು ಸೊಸೆಯ ಉಪಾಯ, ಇಡೀ ಪ್ರವಾಸದಲ್ಲಿ ಹೆಚ್ಚು ಕೆಲಸಕ್ಕೆ ಬಂದ ವಸ್ತು ಅದೇ. ಮೂರನೆಯದು ಡೈಪರ್ ಹಾಕಿದ ಮಗುವನ್ನು ಈಜುಕೊಳಕ್ಕೆ ಇಳಿಸುವುದು. ನೀರಿನಲ್ಲಿ ಹಾಕುವಂಥದೇ ಡೈಪರ್ ಆಗಿದ್ದರೂ ದೊಡ್ಡವರ ಕೊಳಕ್ಕೆ ಬಿಡುವುದಿಲ್ಲ. ಇನ್ನು ಲಿಫ್ಟ್: ಒಳಗಿನವರು ಇಳಿಯಲಿ, ವೀಲ್‌ಚೇರಿನವರು ಹತ್ತಲಿ, ಆಮೇಲೆ ನಾವು.

ಫೋನಿನ ಬಗ್ಗೆ ಒಂದು ಸಾಲು. ಹಡಗು ದಡ ಬಿಡುತ್ತಿದ್ದಂತೆ ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಹಡಗಿನದೇ ಮೊಬೈಲ್ ಜಾಲಕ್ಕೆ ಅಂಟಿಕೊಂಡು ಬಿಲ್ಲು ಏರುತ್ತದೆ. ಹಾಗೆ ಹಾಕಿದಾಗ ಗಡಿಯಾರ ತಾನಾಗಿ ಬದಲಾಗುವುದಿಲ್ಲ ಅನ್ನುವುದು ನೆನಪಿರಲಿ, ಅಲಾಸ್ಕಾದ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಹಡಗಿನಲ್ಲಿ ಯಾವ ಸಮಯ ನಡೆಯುತ್ತಿದೆಯೋ ಅದೇ ನಿಮ್ಮ ಸಮಯ. ಯಜಮಾನರು ತಮ್ಮ ಹಳೇ ಎಚ್‌ಎಂಟಿ ವಾಚನ್ನು ತಿರುಗಿಸಿ ಇಟ್ಟುಕೊಂಡಿದ್ದರು, ನಾವೆಲ್ಲ ಅದನ್ನೇ ನಂಬಿದೆವು.

ದಡಕ್ಕೆ ಇಳಿದಾಗ ಇದು ಮುಖ್ಯ. ಎಲ್ಲರೂ ಹತ್ತಬೇಕಾದ ಹೊತ್ತು ಅಂತ ಒಂದಿರುತ್ತದೆ, ಹಡಗು ಹೊರಡುವುದಕ್ಕೆ ಅರ್ಧ ಗಂಟೆ ಮುಂಚೆ. ಹಡಗಿನವರೇ ಮಾರುವ ಪ್ರವಾಸದಲ್ಲಿ ಹೋಗಿ ತಡವಾದರೆ ಹಡಗು ಕಾಯುತ್ತದೆ. ಹೊರಗಿನವರ ಹತ್ತಿರ ಅಗ್ಗಕ್ಕೆ ಬುಕ್ ಮಾಡಿ ತಡವಾದರೆ ಕಾಯುವುದಿಲ್ಲ, ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಿ ಹಿಡಿಯಬೇಕು. ಜೂನೋದಲ್ಲಿ ಅದು ಸುಮ್ಮನೆ ಮಾತಲ್ಲ. ಅಲಾಸ್ಕಾ ರಾಜ್ಯದ ರಾಜಧಾನಿಯಾದರೂ ಆ ಊರಿನಿಂದ ಹೊರಗೆ ಹೋಗುವ ರಸ್ತೆಯೇ ಇಲ್ಲ, ವಿಮಾನ ಇಲ್ಲವೇ ದೋಣಿ. ಹಾಗಂತ ಎಲ್ಲವನ್ನೂ ಹಡಗಿನವರ ಹತ್ತಿರವೇ ಕೊಳ್ಳಬೇಕಿಲ್ಲ. ಬಂದರಿನ ಪಕ್ಕದಲ್ಲೇ ಇರುವುದಕ್ಕೆ ಹೊರಗಿನದು ಸಾಕು, ದೂರದ್ದಕ್ಕೆ ಹಡಗಿನದು ಅನ್ನುವುದು ಮಗ ಹಾಕಿದ ಲೆಕ್ಕ. ಜೂನೋದ ಮೆಂಡನ್‌ಹಾಲ್ ಹಿಮನದಿಗೆ ಹೋಗುವ ಬಸ್ಸುಗಳಿಗೂ ಮಿತಿಯ ಪರವಾನಗಿ ಇದೆ, ಮೊದಲೇ ಸೀಟು ಗೊತ್ತುಮಾಡಿಕೊಳ್ಳಿ. 2024ರಿಂದ ದಿನಕ್ಕೆ ಐದು ದೊಡ್ಡ ಹಡಗುಗಳಿಗಷ್ಟೇ ಜೂನೋ ಬಂದರಿನಲ್ಲಿ ಜಾಗ. ಐದು ಹಡಗಿನ ಜನ ಒಟ್ಟಿಗೆ ಇಳಿದರೂ ಆ ಸಣ್ಣ ಊರು ತುಂಬಿ ತುಳುಕುತ್ತದೆ. ಅಲ್ಲಿನವರ ಮನೆಯಂಗಳದಲ್ಲಿ ನಿಂತು ಫೋಟೋ ತೆಗೆಯುವ ಮೊದಲು ಒಮ್ಮೆ ಯೋಚಿಸಿ.

ಸ್ಕ್ಯಾಗ್‌ವೇ ಬಂದರಿನಲ್ಲಿ ವೈಟ್ ಪಾಸ್ ಅನ್ನುವ ಬೆಟ್ಟದ ದಾರಿಯ ರೈಲು. 1897-98ರಲ್ಲಿ ಕೆನಡಾದ ಕ್ಲಾಂಡೈಕ್ ಪ್ರದೇಶದ ಚಿನ್ನಕ್ಕಾಗಿ ಸಾವಿರಾರು ಜನ ಇದೇ ಬೆಟ್ಟ ಹತ್ತಿದ್ದು. ವರ್ಷಕ್ಕಾಗುವ ಆಹಾರ ಜೊತೆಯಲ್ಲಿಲ್ಲದಿದ್ದರೆ ಗಡಿಯಲ್ಲಿ ಕೆನಡಾದ ಪೊಲೀಸರು ಒಳಗೆ ಬಿಡುತ್ತಿರಲಿಲ್ಲ; ಎಲ್ಲ ಸೇರಿ ಒಂದು ಟನ್ ಸಾಮಾನು, ಅದನ್ನು ಮೂವತ್ತು ನಲವತ್ತು ಸಲ ಹತ್ತಿ ಇಳಿದು ಸಾಗಿಸಬೇಕಿತ್ತು. ಮೂರಡಿ ಅಗಲದ ಹಳಿ ಹಾಕಿ 1900ಕ್ಕೆ ಮುಗಿಸಿದ ಆ ರೈಲು ಇಪ್ಪತ್ತು ಮೈಲಿಯಲ್ಲಿ ಸುಮಾರು ಮೂರು ಸಾವಿರ ಅಡಿ ಏರುತ್ತದೆ. ಹೋಗುವಾಗ ಎಡಗಡೆಯ ಸೀಟಿನಲ್ಲಿ ಕೂತರೆ ಕಣಿವೆ ಕಾಣುತ್ತದೆ. ಮೇಲೆ ತಲುಪಿದಾಗ ಸೀಟಿನ ಬೆನ್ನು ತಿರುಗಿಸಿ ಆ ಕಡೆಯವರು ಈ ಕಡೆ ಕೂರಬೇಕು, ಎಲ್ಲರಿಗೂ ಒಂದೊಂದು ಸಲ ನೋಟ. ಒಬ್ಬ ಮಹಾಶಯ ಕದಲಲಿಲ್ಲ. ಹೆಂಡತಿ ಮುಖ ತಿರುಗಿಸಿಕೊಂಡು ಕೂತಿದ್ದರು.

ಕೆಚಿಕನ್‌ನಲ್ಲಿ ಮಳೆ. ಬಂದರಿನ ಹತ್ತಿರ ಮಳೆ ಅಳೆಯುವ ದೊಡ್ಡ ಫಲಕವನ್ನೇ ನಿಲ್ಲಿಸಿದ್ದಾರೆ, 1949ರಲ್ಲಿ 202 ಇಂಚು ಬಿದ್ದದ್ದು ದಾಖಲೆ ಅಂತ ಹೆಮ್ಮೆಯಿಂದ ಬರೆದಿದ್ದಾರೆ. ತೀರ್ಥಹಳ್ಳಿಯವರಾದ ನಮಗೆ ನಗು ಬಂತು. ಆಗುಂಬೆಯ ಸರಾಸರಿಯೇ 300 ಇಂಚಿನ ಹತ್ತಿರ. ಕೊಡೆ ಬಿಚ್ಚಿಕೊಂಡು ಓಡಾಡಿದವರು ನಾವಿಬ್ಬರೇ, ಊರಿನವರು ಟೋಪಿ ಎಳೆದುಕೊಂಡು ನಡೆಯುತ್ತಾರೆ. ಕಿರಿದಾದ ಮರದ ಹಾದಿಯಲ್ಲಿ ಕೊಡೆಯ ಕಡ್ಡಿ ಬೇರೆಯವರ ಕಣ್ಣಿಗೆ ತಾಗುತ್ತದೆ, ಜಾಕೆಟ್ಟೇ ಮೇಲು.

ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದಲ್ಲಿ ಹಡಗು ಯಾವ ದಡಕ್ಕೂ ತಾಗುವುದಿಲ್ಲ, ಯಾರೂ ಇಳಿಯುವುದಿಲ್ಲ. ಒಂದು ದಿನಕ್ಕೆ ಎರಡು ಕ್ರೂಸ್ ಹಡಗುಗಳಿಗೆ ಮಾತ್ರ ಒಳಗೆ ಪ್ರವೇಶ. ಬೆಳಗ್ಗೆ ಸಣ್ಣ ದೋಣಿಯೊಂದು ಚಲಿಸುತ್ತಿರುವ ಹಡಗಿನ ಪಕ್ಕಕ್ಕೆ ಬಂದು, ಉದ್ಯಾನದ ರೇಂಜರ್‌ಗಳು ಹಗ್ಗದ ಏಣಿ ಹಿಡಿದು ಹತ್ತುತ್ತಾರೆ. ಆಮೇಲೆ ದಿನವಿಡೀ ಧ್ವನಿವರ್ಧಕದಲ್ಲಿ ಅವರ ಮಾತು. 1794ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ವ್ಯಾಂಕೂವರನ ತಂಡ ಬಂದಾಗ ಇಲ್ಲಿ ಕೊಲ್ಲಿ ಅಂತ ಇದ್ದದ್ದು ಬಾಯಿಯ ಹತ್ತಿರ ಐದು ಮೈಲಿಯಷ್ಟು, ಅದರಾಚೆ ಎಲ್ಲ ಮಂಜುಗಡ್ಡೆಯ ಗೋಡೆ. 1879ರಲ್ಲಿ ಪ್ರಕೃತಿ ತಜ್ಞ ಜಾನ್ ಮ್ಯೂರ್ ಬಂದಾಗ ಆ ಗೋಡೆ ನಲವತ್ತು ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ಹಡಗು ಅರವತ್ತೈದು ಮೈಲಿ ಒಳಗೆ ಹೋಗಿ ಮಾರ್ಜರಿ ಹಿಮನದಿಯ ಎದುರು ನಿಲ್ಲುತ್ತದೆ. ಈ ನೆಲದ ಮೂಲ ಜನ ಹೂನಾ ಟ್ಲಿಂಗಿಟರು. ಹಿಮ ಮುಂದೊತ್ತಿ ಬಂದಾಗ ಊರು ಬಿಟ್ಟವರು. ಆ ಸಮುದಾಯದ ಹೆಂಗಸೊಬ್ಬರು ತಮ್ಮವರ ಕತೆ ಹೇಳಲು ಹಡಗಿಗೆ ಬಂದಿದ್ದರು.

ಹಿಮದ ಎದುರು ಒಂದು ಗಂಟೆ. ಎಲ್ಲರೂ ಮುಂದಿನ ಕಂಬಿಗೆ ಮುಗಿಬೀಳುತ್ತಾರೆ. ಮುಗಿಬೀಳುವ ಅಗತ್ಯವೇ ಇಲ್ಲ, ಎರಡೂ ಬದಿಯವರಿಗೆ ಕಾಣಲೆಂದು ಕ್ಯಾಪ್ಟನ್ ಹಡಗನ್ನೇ ನಿಧಾನವಾಗಿ ತಿರುಗಿಸುತ್ತಾನೆ. ನಿಮ್ಮ ಫೋಟೋ ಆದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು ಕುಳ್ಳಗಿರುವವರಿಗೂ ಮಕ್ಕಳಿಗೂ ಜಾಗ ಬಿಡಿ. ಮತ್ತೆ, ದಯವಿಟ್ಟು ಮಾತು ನಿಲ್ಲಿಸಿ. ಮಂಜುಗಡ್ಡೆ ಬಿರಿಯುವ ಸದ್ದು ಮೊದಲು ಬರುತ್ತದೆ, ಕಿವಿಗೊಟ್ಟರೆ ಯಾವ ಕಡೆ ನೋಡಬೇಕು ಅಂತ ತಿಳಿಯುತ್ತದೆ. ನಾವು ನಿಂತಿದ್ದ ಕಡೆ ಒಬ್ಬರು ಫೋನಿನಲ್ಲಿ ಸಿನಿಮಾ ಹಾಡು ಹಾಕಿ ರೀಲ್ ಮಾಡುತ್ತಿದ್ದರು. ಗೋಡೆಯ ಒಂದು ಮೂಲೆ ಕಳಚಿ ನೀರಿಗೆ ಬಿದ್ದಾಗ ಅವರ ಕ್ಯಾಮೆರಾ ಅವರದೇ ಮುಖದ ಕಡೆ ಇತ್ತು.

ಕೊನೆಗೆ ದುಡ್ಡಿನ ವಿಷಯ. ಟಿಕೆಟ್ಟಿನಲ್ಲಿ ಊಟ, ಕೋಣೆ, ನಾಟಕ ಸೇರಿದೆ. ಟಿಪ್ಸ್ ಸಾಮಾನ್ಯವಾಗಿ ಸೇರಿರುವುದಿಲ್ಲ. ಒಬ್ಬರಿಗೆ ದಿನಕ್ಕೆ 16ರಿಂದ 20 ಡಾಲರ್ ತಾನಾಗಿಯೇ ಲೆಕ್ಕಕ್ಕೆ ಬೀಳುತ್ತದೆ, ಮಗುವಿಗೂ ಅಷ್ಟೇ. ಐದು ಜನರ ಸಂಸಾರಕ್ಕೆ ವಾರಕ್ಕೆ ಆರುನೂರು ಡಾಲರ್ ಹತ್ತಿರ. ರಿಸೆಪ್ಷನ್‌ಗೆ ಹೋಗಿ ಇದನ್ನು ತೆಗೆಸಿಹಾಕಬಹುದು ಅಂತ ನಮಗೆ ಗುಟ್ಟು ಹೇಳಿಕೊಟ್ಟವರೂ ಇದ್ದಾರೆ. ತೆಗೆಸಬಹುದು ನಿಜ. ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದ ಇಂಡೋನೇಷ್ಯಾದ ಹುಡುಗ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಬರುತ್ತಿದ್ದ. ಊಟದ ಮನೆಯಲ್ಲಿ ಕುಂದಾಪುರದ ಕಡೆಯವನೊಬ್ಬ ಸಿಕ್ಕಿದ, ಮೊದಲ ದಿನ ನಮ್ಮ ಮಾತು ಕೇಳಿ "ಅಮ್ಮಾ, ಊರು ಯಾವುದು?" ಅಂದ. ಎಂಟು ತಿಂಗಳ ಕರಾರು, ವಾರದ ಏಳೂ ದಿನ ಕೆಲಸ. ನಾವಿಕರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ದಿನಕ್ಕೆ ಹತ್ತು ಗಂಟೆ ವಿಶ್ರಾಂತಿ ಕೊಡಬೇಕು. ಅಂದರೆ ಉಳಿದ ಹದಿನಾಲ್ಕು ದುಡಿಸಬಹುದು ಅಂತಲೂ ಆಯಿತು. ಮನೆಗೆ ಹೋದದ್ದು ಯಾವಾಗ ಅಂತ ಕೇಳಿದೆ, "ಮಗಳು ಹುಟ್ಟಿದಾಗ ಇಲ್ಲೇ ಇದ್ದೆ" ಅಂತಷ್ಟೇ ಹೇಳಿ ತಟ್ಟೆ ಎತ್ತಿಕೊಂಡು ಹೋದ. ಟಿಪ್ಸ್ ತೆಗೆಸುವ ಗುಟ್ಟು ಯಾರಿಗೆ ಬೇಕೋ ಅವರು ಇಟ್ಟುಕೊಳ್ಳಲಿ.

ಹೆಚ್ಚಿಗೆ ಕೊಡಬೇಕೆನಿಸಿದರೆ ಲಕೋಟೆಯಲ್ಲಿ ಹಾಕಿ ಕೈಗೇ ಕೊಡಿ. ದುಡ್ಡಿನಷ್ಟೇ ಬೆಲೆ ಇರುವುದು ಪ್ರವಾಸ ಮುಗಿದ ಮೇಲೆ ಈಮೇಲಿನಲ್ಲಿ ಬರುವ ಅಭಿಪ್ರಾಯದ ಫಾರ್ಮಿಗೆ. ಅದರಲ್ಲಿ ಒಬ್ಬೊಬ್ಬರ ಹೆಸರು, ಏನು ಮಾಡಿದರು ಅಂತ ಬರೆದರೆ ಅವರ ಮುಂದಿನ ಬಡ್ತಿಗೆ ಆಗುತ್ತದೆ ಅಂತ ಆ ಕುಂದಾಪುರದವನೇ ಹೇಳಿದ್ದು. ಎಲ್ಲರ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಮನೆಗೆ ಬಂದ ಮೇಲೆ ನೆನಪಾಗುವುದಿಲ್ಲ.

ಕಡೆಯ ರಾತ್ರಿ ದೊಡ್ಡ ಪೆಟ್ಟಿಗೆಗಳಿಗೆ ಬಣ್ಣದ ಚೀಟಿ ಕಟ್ಟಿ ಬಾಗಿಲ ಹೊರಗೆ ಇಡಬೇಕು. ಮರುದಿನ ಉಡುವ ಬಟ್ಟೆ, ಚಪ್ಪಲಿ, ಹಲ್ಲುಜ್ಜುವ ಬ್ರಷ್ಷು ಅದರೊಳಗೆ ಹೋಗದಂತೆ ನೋಡಿಕೊಳ್ಳಿ. ಬೆಳಗ್ಗೆ ಬಣ್ಣದ ಪ್ರಕಾರ ಕರೆಯುತ್ತಾರೆ, ಅದಕ್ಕೆ ಮುಂಚೆ ಹೋಗಿ ಮೆಟ್ಟಿಲ ಮೇಲೆ ಕೂತರೆ ದಾರಿ ಅಡ್ಡವಾಗುತ್ತದೆ. ಪೆಟ್ಟಿಗೆ ತಾವೇ ಹೊತ್ತು ಇಳಿಯಬಲ್ಲವರು ಮೊದಲು ಹೋಗಬಹುದು. ವೀಲ್‌ಚೇರ್ ಬೇಕಾದವರು ಹಿಂದಿನ ದಿನವೇ ಹೇಳಿದ್ದರೆ ಹೊತ್ತಿಗೆ ಸರಿಯಾಗಿ ಬರುತ್ತದೆ. ಬಫೆಯಿಂದ ಮೊಮ್ಮಗಳಿಗೆ ಅಂತ ಚೀಲಕ್ಕೆ ಹಾಕಿಕೊಂಡ ಸೇಬು, ಬಾಳೆಹಣ್ಣು ಇದ್ದರೆ ಹಡಗಿನಲ್ಲೇ ತಿಂದು ಮುಗಿಸಿ. ಸಿಯಾಟಲ್‌ನ ಕಸ್ಟಮ್ಸ್ ದಾಟುವಾಗ ಒಂದು ಬಾಳೆಹಣ್ಣಿಗೂ ಲೆಕ್ಕ ಹೇಳಬೇಕಾಗುತ್ತದೆ.